ಸಹಾಯ ಬೇಕು: ಹರಿದ ರೇನ್ ಜಾಕೆಟ್‌ಗೆ, ಟೆಂಟಿಗೆ ಯಾವ ಟೇಪ್?

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಚಾರಣಕ್ಕೆ ಮೊದಲು ಎರಡು ರಿಪೇರಿ ಆಗಬೇಕಿದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಒಂದು, ರೇನ್ ಜಾಕೆಟ್. ಎಡ ಮೊಣಕೈ ಹತ್ರ ಮುಳ್ಳು ಸಿಕ್ಕಿ ಎರಡು ಇಂಚು ಸೀಳಿದೆ. ಹೊಲಿಸಿದರೆ ಸೂಜಿ ತೂತಿನಿಂದಲೇ ನೀರು ಇಳಿಯುತ್ತೆ, ಹಾಗಾಗಿ ಟೇಪೇ ಸರಿ. ಡಕ್ಟ್ ಟೇಪ್ ಬೇಡ. ಬಿಸಿಲಿಗೆ ಅದರ ಅಂಟು ಬಟ್ಟೆಗೆ ಮೆತ್ತಿಕೊಂಡರೆ ಬಿಡಿಸೋದು ಕಷ್ಟ. ಟೆನೇಷಿಯಸ್ ಟೇಪ್ (ಜಾಕೆಟ್, ಟೆಂಟ್ ಬಟ್ಟೆ ರಿಪೇರಿಗೆಂದೇ ಬರೋ ಟೇಪ್) ಬಳಸಿದವರು ಇದ್ದೀರಾ? ಪದೇ ಪದೇ ಮಡಚೋ ಜಾಗ ಇದು. ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿದರೂ ಅಂಚು ಏಳುತ್ತಾ? ಒಳಗಡೆಯಿಂದಲೂ ಒಂದು ಪಟ್ಟಿ ಹಾಕಬೇಕಾ?

ಇನ್ನೊಂದು ಟೆಂಟ್. ನಿಜವಾದ ತಲೆನೋವು ಇದೇ. ಹೊರಹೊದಿಕೆ ಸಿಲಿಕೋನ್ ಲೇಪದ ನೈಲಾನ್, ಮುಟ್ಟಿದರೆ ಜಾರುತ್ತೆ. ಮಾಮೂಲಿ ಟೇಪ್ ಇದಕ್ಕೆ ಹಿಡಿಯಲ್ಲ, ಸಿಲಿಕೋನ್ ಅಂಟಿನದ್ದೇ ಬೇಕು. ಅಂಗಡಿಗಳಲ್ಲಿ ಕೇಳಿದರೆ ಪಿಯು (ಪಾಲಿಯುರೆಥೇನ್) ಲೇಪದ ಬಟ್ಟೆಗೆ ಆಗೋದನ್ನೇ ತೋರಿಸ್ತಾರೆ. ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಸಿಲಿಕೋನ್ ಸೀಲಂಟ್ ಸವರಿ ಅದೇ ಥರದ ಬಟ್ಟೆ ತುಂಡು ಅಂಟಿಸಿದವರಿದ್ದರೆ ಹೇಳಿ, ಸಕಲೇಶಪುರದ ಜುಲೈ ಮಳೆಗೆ ಅದು ತಡೆಯುತ್ತಾ?

ಅಂಟಿಸೋ ಮೊದಲು ಬಟ್ಟೆ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಮೆಡಿಕಲ್ ಶಾಪಿಂದ ತಂದಿಟ್ಟಿದ್ದೀನಿ. ಟೇಪ್ ಒಂದು ಗೊತ್ತಾದರೆ ಕೆಲಸ ಶುರು ಮಾಡಬಹುದು. ರಿಪೇರಿ ಮಾಡಿದ ಜಾಗದ ಫೋಟೋ ಇದ್ದರೆ ಹಾಕಿ, ತುಂಬಾ ಉಪಕಾರ ಆಗುತ್ತೆ.