ಹೆಸರಿರೋ ಕಡೆ ಎಲೆಕ್ಷನ್ ಇಲ್ಲ

ಅಮೆರಿಕದಲ್ಲಿ ಯಾವ ರಾಜ್ಯ ಯಾರ ಕಡೆ ವಾಲುತ್ತದೆ ಅನ್ನೋದನ್ನು ನಮ್ಮ ಶೀನನ ಬಾಯಲ್ಲೇ ಕೇಳಬೇಕು. ಶನಿವಾರ ರಾತ್ರಿ ಬೆಂಗಳೂರಿಂದ ಬರುತ್ತಾನೆ, ಭಾನುವಾರ ಬೆಳಿಗ್ಗೆ ಡೇರಿ ಜಗಲಿ ಮೇಲೆ ಪೆನ್ಸಿಲ್ವೇನಿಯಾ, ಮಿಷಿಗನ್, ಅರಿಜೋನ ಎಲ್ಲವನ್ನೂ ಹರವಿ ಕೂರುತ್ತಾನೆ. ಮೊನ್ನೆಯೂ ಹರವಿದ್ದ. ಬೋರಣ್ಣ ಬೀಡಿ ಆರಿಹೋದದ್ದೂ ಗೊತ್ತಾಗದ ಹಾಗೆ ಕೇಳಿಸಿಕೊಂಡು, ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿದ.

"ಅದೆಲ್ಲ ಸರಿ ಕಣ್ಲಾ. ನಿಮ್ಮನೆ ಯಾವ ವಾರ್ಡು?"

ಶೀನ ತಲೆ ಕೆರೆದುಕೊಂಡ. "ಮಾರಿಗುಡಿ ಕಡೇದು."

"ಅದು ದಿಕ್ಕು. ನಾನು ಕೇಳಿದ್ದು ವಾರ್ಡು. ಹೋಗ್ಲಿ, ನಿಮ್ಮ ಮೆಂಬರ್ರು ಯಾರು ಹೇಳು?"

"ಅವರೇ... ಆಟೋದವರು."

"ಆಟೋ ಅವನ ಗುರ್ತು ಕಣೋ! ಅವನ ಹತ್ರ ಇರೋದು ಸೈಕಲ್ಲು."

ಶೀನನದೇ ಪೂರ್ತಿ ತಪ್ಪು ಅನ್ನೋ ಹಾಗಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರೋದಿಲ್ಲ, ಆಯೋಗ ಕೊಟ್ಟ ಗುರುತೇ ಗತಿ. ಆ ಗುರುತು ಪ್ರಚಾರ ಮುಗಿದರೂ ಮನುಷ್ಯನನ್ನು ಬಿಡೋದಿಲ್ಲ. ನಮ್ಮೂರಲ್ಲಿ 'ಹೊಲಿಗೆ ಮಿಷನ್ನು' ಅಂತ ಕೂಗಿದರೆ ತಿರುಗಿ ನೋಡೋ ಹೆಂಗಸಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ.

ಶೀನ ಸುಮ್ಮನಾಗುವ ಜಾತಿಯಲ್ಲ. "ಇಷ್ಟಕ್ಕೂ ಪಂಚಾಯ್ತಿ ಎಲೆಕ್ಷನ್ನಲ್ಲಿ ಏನಿದೆ ಬೋರಣ್ಣ? ಲೋಕಸಭೆ ಅಂದ್ರೆ ದೇಶದ ಪ್ರಶ್ನೆ. ಇಲ್ಲಿ ನನ್ನ ಒಂದು ಓಟಿಂದ ಏನಾಗ್ಬೇಕು?"

ಮೇಷ್ಟ್ರು ಅಲ್ಲಿವರೆಗೆ ಪೇಪರಿನ ಹಿಂದೆ ಇದ್ದರು. ರಿಟೈರಾಗಿ ಎಷ್ಟೋ ಕಾಲವಾಯಿತು, ಆದರೂ ತಪ್ಪು ಲೆಕ್ಕ ಕಿವಿಗೆ ಬಿದ್ದರೆ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಪೇಪರು ಕೆಳಗಿಳಿಯಿತು.

"ಶೀನಪ್ಪಾ, ಲೋಕಸಭೆ ಕ್ಷೇತ್ರದಲ್ಲಿ ಮತದಾರರು ಎಷ್ಟು? ಹದಿನೈದಿಪ್ಪತ್ತು ಲಕ್ಷ. ಪಂಚಾಯ್ತಿಲಿ 400 ಜನಸಂಖ್ಯೆಗೆ ಒಬ್ಬ ಮೆಂಬರು. ಅದರಲ್ಲಿ ಹಸುಗೂಸುಗಳು, ಸ್ಕೂಲ್ ಹುಡುಗರು, ನಿನ್ನ ಥರ ಊರು ಬಿಟ್ಟೋರು, ಎಲ್ಲ ಕಳಿ. ಈಗ ಹೇಳು, ನಿನ್ನ ಓಟಿಗೆ ತೂಕ ಎಲ್ಲಿ ಜಾಸ್ತಿ?"

"ತೂಕ ಇರಬಹುದು ಮೇಷ್ಟ್ರೆ, ಒಂದೇ ಓಟಲ್ಲಿ ಗೆದ್ದೋರು ಯಾರಿದ್ದಾರೆ?"

ಈ ಪ್ರಶ್ನೆ ಕೇಳಬಾರದಿತ್ತು. ಮೇಷ್ಟ್ರ ಮುಖ ಅರಳಿತು. "ಸಂತೇಮರಹಳ್ಳಿ! ಇಲ್ಲೇ ಚಾಮರಾಜನಗರ ಜಿಲ್ಲೆ. 2004ರ ವಿಧಾನಸಭೆ. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಡ್ರೈವರ್‌ಗೇ ಆವತ್ತು ಓಟು ಹಾಕೋಕೆ ಬಿಡುವಾಗಲಿಲ್ಲ ಅಂತ ಪೇಪರಲ್ಲೆಲ್ಲ ಬಂತು. ನಾಲ್ಕು ವರ್ಷ ಬಿಟ್ಟು ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಅವರದೂ ಅದೇ ಕಥೆ, ಒಂದೇ ಓಟಲ್ಲಿ ಸೋತ್ರು. ವಿಧಾನಸಭೆಲೇ ಹೀಗೆ, ಇನ್ನು ನಮ್ಮ ವಾರ್ಡಲ್ಲಿ?"

"ಆ ಡ್ರೈವರ್ರು ಆಮೇಲೆ ಕೆಲಸದಲ್ಲಿ ಉಳಿದ್ನಾ?" ಅಂತ ಬೋರಣ್ಣ ಕೇಳಿದ. ಚರಿತ್ರೆಯಲ್ಲಿ ಅವನಿಗೆ ಬೇಕಾಗೋದು ಇಂಥ ವಿಚಾರವೇ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ, ಹಾಗಾಗಿ ಕೇಳಿಸದವರ ಹಾಗೆ ಕನ್ನಡಕ ಒರೆಸಿಕೊಂಡರು.

ನಾನು ಬಾಯಿ ಹಾಕಿದೆ. "ಶೀನನ್ನ ಬೈತೀಯಲ್ಲ ಬೋರಣ್ಣ, ಹೋದ ಸಲ ನೀನು ಮಾಡಿದ್ದು ಹೇಳು."

"ನಾನೇನು ಮಾಡ್ದೆ? ಬೆಳಿಗ್ಗೆ ಏಳಕ್ಕೇ ಹೋಗಿ ಹಾಕ್ಬಂದೆ."

"ಎಷ್ಟು ಹಾಕಿದೆ?"

ಬೋರಣ್ಣ ಬೀಡಿ ಹುಡುಕತೊಡಗಿದ.

ಸಂಗತಿ ಇಷ್ಟೇ. ನಮ್ಮ ವಾರ್ಡಿಗೆ ಮೂರು ಸೀಟು. ಹಾಗಿದ್ದ ಕಡೆ ಒಬ್ಬೊಬ್ಬ ಮತದಾರನಿಗೂ ಮೂರು ಓಟು, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. ಮೂರಕ್ಕಿಂತ ಹೆಚ್ಚು ಕಡೆ ಮುದ್ರೆ ಒತ್ತಿದರೆ ಮತಪತ್ರವೇ ತಿರಸ್ಕೃತ. 2020ರ ಡಿಸೆಂಬರಿನಲ್ಲಿ ನಿಂತಿದ್ದವರಲ್ಲಿ ಒಬ್ಬ ಬೋರಣ್ಣನ ಭಾವಮೈದ, ಒಬ್ಬಳು ಸೋದರತ್ತೆ ಮಗಳು, ಒಬ್ಬ ಗದ್ದೆ ಬದುವಿನ ಪಕ್ಕದವನು, ಇನ್ನೊಬ್ಬನ ಹತ್ತಿರ ಕೈಸಾಲ. ಉಳಿದವರೂ ದಿನಾ ಎದುರಿಗೆ ಸಿಗೋರೇ.

"ಯಾರ ಮನಸ್ಸೂ ನೋಯಿಸಬಾರದು ಅಂತ ಎಲ್ರಿಗೂ ಒಂದೊಂದು ಒತ್ತಿದೆ ಕಣ್ರಪ್ಪ" ಅಂದ ಬೋರಣ್ಣ. "ಆಚೆ ಬಂದು 'ನಿಂಗೇ ಹಾಕ್ದೆ' ಅಂತ ಎಲ್ರಿಗೂ ಹೇಳ್ದೆ. ಒಂದು ಸುಳ್ಳಿಲ್ಲ."

"ಒಂದು ಓಟೂ ಇಲ್ಲ!" ಅಂದರು ಮೇಷ್ಟ್ರು.

ಪಂಚಾಯಿತಿ ಓಟಿನ ನಿಜವಾದ ಕಷ್ಟ ಇರೋದು ಇಲ್ಲೇ ಅಂತ ನನ್ನ ಅನಿಸಿಕೆ. ದೊಡ್ಡ ಚುನಾವಣೆಯಲ್ಲಿ ಯಾರಿಗೆ ಹಾಕಿದರೂ ಸೋತವನು ಬಂದು ನಮ್ಮ ಮನೆ ಮುಂದೆ ನಿಲ್ಲೋದಿಲ್ಲ. ಇಲ್ಲಿ ಸೋತವಳು ಮಾರನೇ ದಿನ ನಮ್ಮ ಪಕ್ಕದ ನಲ್ಲಿಯಲ್ಲೇ ಬಿಂದಿಗೆ ಇಟ್ಟಿರುತ್ತಾಳೆ. ಎಷ್ಟೋ ಜನ ಆವತ್ತು ಬೇಕಂತಲೇ ಯಾವುದಾದರೂ ಮದುವೆ, ತಿಥಿ, ಬೀಗರ ಊರು ಅಂತ ನೆಪ ಮಾಡಿಕೊಂಡು ಹೋಗಿಬಿಡೋದು ಸೋಮಾರಿತನಕ್ಕಲ್ಲ, ಮುಖ ಉಳಿಸಿಕೊಳ್ಳೋಕೆ. ಆ ಮತಪತ್ರದ ಮೇಲೆ ನಮ್ಮ ಹೆಸರು ಇರೋದಿಲ್ಲ, ಯಾರಿಗೆ ಹಾಕಿದೆವು ಅಂತ ಹೇಳೋ ಬಾಧ್ಯತೆಯೂ ನಮಗಿಲ್ಲ ಅನ್ನೋದನ್ನು ಊರಲ್ಲಿ ಮೈಕು ಕಟ್ಟಿ ಕೂಗಿಸಬೇಕು.

ಅಷ್ಟರಲ್ಲಿ ಜಯಕ್ಕ ಹಾಲಿನ ಕ್ಯಾನು ಹಿಡಿದು ಬಂದಳು. ಒಂದು ಅವಧಿ ಮೆಂಬರಾಗಿದ್ದವಳು, ಈ ಸಲವೂ ನಿಲ್ಲುತ್ತೇನೆ ಅಂತ ಊರೆಲ್ಲ ಹೇಳಿದ್ದಾಳೆ.

"ಏನ್ ಶೀನ, ಯಾವಾಗ ಬಂದೆ? ನಿಮ್ಮನೆ ಮುಂದಿನ ಚರಂಡಿ ಕಟ್ಕೊಂಡೈತೆ ಅಂತ ಫೇಸ್‌ಬುಕ್ಕಲ್ಲಿ ಪ್ರಧಾನಮಂತ್ರಿಗೆ ಬರೆದಿದ್ದೀಯಂತೆ?"

ಶೀನ ಕೆಂಪಾದ. "ಅದು ಸುಮ್ನೆ... ಟ್ಯಾಗ್ ಮಾಡಿದ್ದು ಅಕ್ಕ."

"ಅವರು ಡೆಲ್ಲಿಯಿಂದ ಗುದ್ದಲಿ ತಕ್ಕೊಂಡು ಬರೋ ಹೊತ್ತಿಗೆ ಮಳೆಗಾಲ ಮುಗಿಯುತ್ತೆ ಕಣಪ್ಪ. ಚರಂಡಿ, ಬೀದಿ ದೀಪ, ಕುಡಿಯೋ ನೀರು ಪಂಚಾಯ್ತಿದು. ನೀರುಗಂಟಿ ನೀರು ಬಿಡಲಿಲ್ಲ ಅಂದ್ರೆ ಪಿಡಿಓನ ಕೇಳು, ಮೆಂಬರ್‌ನ ಕೇಳು. ಗ್ರಾಮಸಭೆಗೆ ಬಂದು ಕೇಳು. ಒಂದು ಸಲನಾದ್ರೂ ಬಂದಿದ್ದೀಯಾ?"

"ಗ್ರಾಮಸಭೆ ಯಾವಾಗ ನಡೆಯುತ್ತೆ?"

"ಆರು ತಿಂಗಳಿಗೆ ಒಂದ್ಸಲ ನಡೀಲೇಬೇಕು. ಹತ್ತರಲ್ಲಿ ಒಂದು ಪಾಲು ಮತದಾರರು, ಇಲ್ಲಾ 100 ಜನ, ಯಾವುದು ಕಮ್ಮಿಯೋ ಅಷ್ಟಾದ್ರೂ ಇರಬೇಕು. ನಾನು ಮೆಂಬರಾಗಿದ್ದಾಗ ಒಂದ್ಸಲ ಕೋರಂ ಆಗದೆ ಬಸ್‌ಸ್ಟಾಪಲ್ಲಿ ಕಾಯ್ತಿದ್ದೋರನ್ನೆಲ್ಲ ಕರ್ಕೊಂಡು ಬಂದು ಕೂರ್ಸಿದ್ರು. ಅದರಲ್ಲಿ ಇಬ್ಬರು ಬೇರೆ ಊರೋರು. ಆವತ್ತು ನೆಟ್ಟಗೆ ಪ್ರಶ್ನೆ ಕೇಳಿದ್ದು ಅವರಿಬ್ರೇ!"

ಮನೆ ಯಾರಿಗೆ ಮಂಜೂರು ಅನ್ನೋ ಫಲಾನುಭವಿ ಪಟ್ಟಿ ಅದೇ ಗ್ರಾಮಸಭೆಯ ಮುಂದೆ ಬರುತ್ತದೆ. ಆವತ್ತು ಹೊಲದಲ್ಲೋ ಟೀವಿ ಮುಂದೋ ಇದ್ದು, ಆಮೇಲೆ 'ಅವರಿಗೆ ಹೆಂಗೆ ಕೊಟ್ರು' ಅಂತ ಈ ಜಗಲಿ ಮೇಲೆ ಕೇಳೋರಿಗೆ ನಮ್ಮಲ್ಲಿ ಬರವಿಲ್ಲ. ಅವರಲ್ಲಿ ನಾನೂ ಒಬ್ಬ ಇರಬಹುದು, ಆದರೆ ಇದು ನನ್ನ ವಿಚಾರಣೆ ಅಲ್ಲ.

ಮೇಷ್ಟ್ರಿಗೆ ಜಯಕ್ಕನನ್ನು ಕಂಡರೆ ಹಳೇ ನೆನಪು ಉಕ್ಕುತ್ತದೆ. "ಇವಳ ಅತ್ತೆ 1987ರಲ್ಲಿ ಮಂಡಲ ಪಂಚಾಯಿತಿಗೆ, ಅಂದ್ರೆ ಈಗಿನ ಗ್ರಾಮ ಪಂಚಾಯಿತಿ ಥರದ್ದಕ್ಕೆ, ನಿಂತಿದ್ರು. ನಜೀರ್ ಸಾಬ್ರು ಮಂತ್ರಿ. ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅಂತಲೇ ಹೆಸರಾಗಿತ್ತು ಅವರಿಗೆ. ದೇಶಕ್ಕೆಲ್ಲ ಪಂಚಾಯಿತಿಲಿ ಹೆಂಗಸರಿಗೆ ಸೀಟು ಮೀಸಲಿಡೋ ಸಂವಿಧಾನ ತಿದ್ದುಪಡಿ ಬಂದದ್ದು 1993ರಲ್ಲಿ. ಅದಕ್ಕೂ ಮೊದಲೇ ನಮ್ಮಲ್ಲಿ ಹೆಂಗಸರಿಗೆ ಕಾಲುಭಾಗ ಸೀಟು."

"ಈಗ ಅರ್ಧ" ಅಂದಳು ಜಯಕ್ಕ. "ಆದ್ರೆ ಮೊದಲನೇ ಮೀಟಿಂಗಿಗೆ ನಮ್ಮ ಯಜಮಾನ್ರೂ ಇಸ್ತ್ರಿ ಶರಟು ಹಾಕ್ಕೊಂಡು ಹೊರಟ್ರು. ನನಗಿಂತ ಮುಂಚೆ ಒಳಗೆ ಹೋಗಿ ನನ್ನ ಕುರ್ಚಿಲಿ ಕೂತಿದ್ರು. ನನ್ನ ಬ್ಯಾಗು ಅವರ ಕೈಗೆ ಕೊಟ್ಟು, ಆಚೆ ಇದನ್ನ ಇಟ್ಕೊಂಡಿರಿ, ಒಳಗೆ ಇಡಂಗಿಲ್ವಂತೆ ಅಂದೆ."

"ಹಂಗೊಂದು ರೂಲ್ಸ್ ಇದ್ಯಾ?" ಅಂದ ಶೀನ.

"ಇಲ್ಲ. ಅವರಿಗೆ ಇವತ್ತಿಗೂ ಗೊತ್ತಿಲ್ಲ, ಹೇಳ್ಬೇಡ."

ಬೋರಣ್ಣನಿಗೆ ಈಗ ತನ್ನ ಆರು ಮುದ್ರೆಯ ಮರ್ಯಾದೆ ವಾಪಸು ಬೇಕಿತ್ತು. "ಈ ಜಗಳವೆಲ್ಲ ಯಾಕೆ? ಊರೋರೆಲ್ಲ ಕೂತು ಅವಿರೋಧವಾಗಿ ಆರಿಸಿಬಿಡೋಣ. ದೇವಸ್ಥಾನಕ್ಕೆ ಜಾಸ್ತಿ ದುಡ್ಡು ಕೊಟ್ಟೋರು ಮೆಂಬರು. ಗೋಪುರನೂ ಆಗುತ್ತೆ, ಖರ್ಚೂ ಉಳಿಯುತ್ತೆ."

ಮೇಷ್ಟ್ರು ಎದ್ದೇ ನಿಂತರು. "ಅದು ಅವಿರೋಧ ಅಲ್ಲ, ಹರಾಜು! 2020ರಲ್ಲಿ ಕೆಲವು ಹಳ್ಳಿಗಳಲ್ಲಿ ಸೀಟು ಹರಾಜಾಗ್ತಿದೆ ಅಂತ ಸುದ್ದಿ ಬಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತ್ತು. ದುಡ್ಡು ಕೊಟ್ಟು ಕೂತೋನು ಚರಂಡಿ ಕೆಲಸದಲ್ಲಿ ಆ ದುಡ್ಡು ಎತ್ಕೊಳ್ದೆ ಬಿಡ್ತಾನಾ?"

"ಎತ್ಕೊಂಡ್ರೆ ಕೇಳೋಣ."

"ಏನಂತ ಕೇಳ್ತೀಯ? ನೀನು ಓಟೇ ಹಾಕಿಲ್ಲ. ಅವನು ಸೀಟು ಕೊಂಡ್ಕೊಂಡಿದಾನೆ. ರಸೀದಿ ತೋರಿಸ್ತಾನೆ."

ಬೋರಣ್ಣ ಗೋಪುರವನ್ನು ಅಲ್ಲಿಗೇ ಕೈಬಿಟ್ಟ.

ಶೀನನಿಗೆ ಇಷ್ಟು ಹೊತ್ತಿಗೆ ಹುರುಪು ಬಂದಿತ್ತು. ಅವನ ಸ್ವಭಾವವೇ ಹಾಗೆ, ಒಪ್ಪಿಕೊಳ್ಳೋದಕ್ಕೆ ತಡ, ಒಪ್ಪಿದ ಮೇಲೆ ನಮ್ಮನ್ನೇ ಹಿಡಿದು ಜಗ್ಗುತ್ತಾನೆ. "ಸರಿ ಮೇಷ್ಟ್ರೆ, ಈ ಸಲ ನಾನು ಓಟು ಹಾಕೇ ಹಾಕ್ತೀನಿ. ಆಫೀಸಿಗೆ ರಜೆ ಹಾಕಿಯಾದರೂ ಬರ್ತೀನಿ" ಅಂದವನೇ ಫೋನು ತೆಗೆದು ಮತದಾರರ ಪಟ್ಟಿ ಹುಡುಕಿದ. ಗುರುತಿನ ಚೀಟಿ ನಂಬರು ಒತ್ತಿದ. ನೋಡಿದ. ಇನ್ನೊಂದು ಸಲ ನೋಡಿದ.

"ಬೆಂಗಳೂರು ಅಂತ ತೋರಿಸ್ತಿದೆ."

ಬಾಡಿಗೆ ಮನೆಗೆ ಗ್ಯಾಸ್ ಕನೆಕ್ಷನ್ ಬೇಕಾದಾಗ ವಿಳಾಸದ ದಾಖಲೆ ಬೇಕು ಅಂತ ಹೆಸರು ಅಲ್ಲಿಗೆ ವರ್ಗ ಮಾಡಿಸಿಕೊಂಡಿದ್ದನಂತೆ. ಗ್ಯಾಸು ಬಂದ ಮೇಲೆ ಮರೆತಿದ್ದ.

"ಇಲ್ಲೂ ಒಂದು ಸೇರಿಸಿಬಿಡಿ ಮೇಷ್ಟ್ರೆ."

"ಎರಡು ಕಡೆ ಹೆಸರಿರೋ ಹಾಗಿಲ್ಲಪ್ಪ, ಅದು ಅಪರಾಧ. ನೀನು ವಾಸ ಮಾಡೋ ಕಡೆ ನಿನ್ನ ಓಟು. ಶನಿವಾರ ರಾತ್ರಿ ಬಂದು ಭಾನುವಾರ ಹೋಗೋದು ವಾಸ ಅಲ್ಲ."

"ಅದನ್ನ ನೆಂಟರು ಅಂತಾರೆ" ಅಂತ ಬೋರಣ್ಣ ಸೇರಿಸಿದ. ಅವನಿಗೆ ಪ್ರಾಣ ಬಂದಿತ್ತು. "ಹಂಗಾದ್ರೆ ಬೆಂಗಳೂರಲ್ಲೇ ಹಾಕು. ಅಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಯಾವಾಗ ಆಗಿದ್ದು?"

"2015ರ ಆಗಸ್ಟಲ್ಲಿ" ಅಂದರು ಮೇಷ್ಟ್ರು. "2020ರ ಸೆಪ್ಟೆಂಬರಿಗೆ ಅವಧಿ ಮುಗೀತು. ಅವಧಿ ಮುಗಿಯೋದ್ರೊಳಗೆ ಚುನಾವಣೆ ನಡೆಸಬೇಕು ಅಂತ ಸಂವಿಧಾನದಲ್ಲೇ ಇದೆ. ಆದ್ರೂ ಅಲ್ಲಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಕೊನೆಗೆ 2025ರಲ್ಲಿ ಆ ಪಾಲಿಕೇನೇ ಹೋಗಿ ಐದು ಪಾಲಿಕೆ ಆದವು. ಬೆಂಗಳೂರೇ ಯಾಕೆ? ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಓಟು ಹಾಕಿದ್ವಿ. 2021ಕ್ಕೆ ಅವಧಿ ಮುಗಿದ ಮೇಲೆ ಅಲ್ಲೂ ಇದೇ ಹಾಡು. ಎಲೆಕ್ಷನ್ ಯಾಕೆ ನಡೆಸಲಿಲ್ಲ ಅಂತ ಕೇಳಿದೋರು ಎಷ್ಟು ಜನ? ಕೋರ್ಟಿಗೆ ಹೋದೋರು ನಾಲ್ಕು ಜನ. ಬಾಕಿ ನಾವೆಲ್ಲ ಪೆನ್ಸಿಲ್ವೇನಿಯಾ ನೋಡ್ತಿದ್ವಿ."

ಶೀನ ಫೋನು ಜೇಬಿಗಿಟ್ಟ. "ಅಂದ್ರೆ ಎಲೆಕ್ಷನ್ ಇರೋ ಕಡೆ ನನ್ನ ಹೆಸರಿಲ್ಲ. ಹೆಸರಿರೋ ಕಡೆ ಇಷ್ಟು ವರ್ಷ ಎಲೆಕ್ಷನ್ನೇ ಇಲ್ಲ."

"ಅಲ್ಲಿ ಬಂದಾಗ ಮಾತ್ರ ತಪ್ಪಿಸಬೇಡ. ಲಾಂಗ್ ವೀಕೆಂಡು ಅಂತ ಇಲ್ಲಿಗೆ ಓಡಿ ಬಂದ್ರೆ ಬಸ್ಸಿಂದ ಇಳಿಯೋಕೆ ಬಿಡಲ್ಲ" ಅಂದಳು ಜಯಕ್ಕ. ಹೇಳಿದ ರೀತಿಯಲ್ಲೇ ಅದು ತಮಾಷೆ ಅಲ್ಲ ಅಂತ ಗೊತ್ತಾಯಿತು.

"ಇಲ್ಲಿ ನಾನು ಏನೂ ಮಾಡೋ ಹಾಗಿಲ್ವಾ ಅಕ್ಕ? ಕಾರು ಇದೆ. ನಡೆಯೋಕಾಗದ ಅಜ್ಜಿಯರನ್ನೆಲ್ಲ ಮತಗಟ್ಟೆಗೆ ಬಿಡ್ತೀನಿ."

"ಬೇಡ ಬೇಡ!" ಅಂದರು ಮೇಷ್ಟ್ರು. "ಜಯಮ್ಮ ಅಭ್ಯರ್ಥಿ. ಅವಳ ಪರವಾಗಿ ಪುಕ್ಕಟೆ ಗಾಡಿ ಓಡಿಸಿದ್ದೀಯ ಅಂತ ಯಾರಾದ್ರೂ ದೂರು ಕೊಟ್ರೆ ಗೆದ್ದಿದ್ದೂ ಹೋಗುತ್ತೆ. ನಿಮ್ಮ ಮನೆಯೋರನ್ನ ಬೇಕಾದ್ರೆ ಕರ್ಕೊಂಡು ಹೋಗು."

"ಹಾಗಾದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ನಿಮ್ಮಮ್ಮನಿಗೆ ನಿನ್ನ ಕಾರು ಯಾಕೆ?" ಅಂದಳು ಜಯಕ್ಕ, ಖಾಲಿ ಕ್ಯಾನು ಎತ್ತಿಕೊಳ್ಳುತ್ತಾ. "ಪ್ರತಿ ಸಲ ಬಾಗಿಲು ತೆಗೆಯೋ ಮುಂಚೆ ಕ್ಯೂನಲ್ಲಿ ಮೊದಲು ನಿಂತಿರ್ತಾರೆ. ನೀನು ಎಬ್ಬಿಸಬೇಕಾಗಿರೋದು ನಿಮ್ಮಪ್ಪನ್ನ. ಒಂದು ಓಟಿಂದ ಏನಾಗ್ಬೇಕು ಅಂತ ಹೋದ ಸಲವೂ ಸಾಯಂಕಾಲದವರೆಗೆ ಕಂಬಳಿ ಹೊದ್ದು ಮಲಗಿದ್ರು."