ದೊಡ್ಡಮನೆ ಗುಂಪು: ಟ್ರಯಲ್ ಆಡಿಯೋ ಗಲಾಟೆ

ರವಿ ಚಿಕ್ಕಪ್ಪ: (ಫಾರ್ವರ್ಡ್ ಆಡಿಯೋ) ಎಲ್ರೂ ಕೇಳಿ. ಕ್ಯಾನ್ಸರ್ ಟ್ರಯಲ್, ಅಂದ್ರೆ ರೋಗಿಗಳ ಮೇಲೆ ಔಷಧಿ ಪರೀಕ್ಷೆ, ಅಂತ ಬಡವರ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಳ್ತಾರಂತೆ. ನಮ್ಮ ತೋಟದ ಮಲ್ಲಮ್ಮನ್ನೂ ಬೆಂಗಳೂರಲ್ಲಿ ಅಂಥ ಟ್ರಯಲ್‌ಗೆ ಕರ್ದಿದಾರಲ್ಲ, ಬೇಡ ಅಂದ್ಬಿಟ್ಟಿದೀನಿ.

ಸುಮಾ: ಯಾಕೆ ಚಿಕ್ಕಪ್ಪ? ಯಾವ ಆಸ್ಪತ್ರೆ, ಯಾವ ಔಷಧಿ, ಅದ್ರಲ್ಲಿ ಒಂದೂ ಹೇಳಿಲ್ಲ.

ರವಿ ಚಿಕ್ಕಪ್ಪ: 2009ರಲ್ಲಿ ಖಮ್ಮಂನಲ್ಲಿ ಹಾಸ್ಟೆಲ್ ಹುಡುಗೀರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಹಾಕಿದ್ರಲ್ಲ, ಅಪ್ಪ ಅಮ್ಮನ ಬದಲು ವಾರ್ಡನ್ ಸಹಿ ಹಾಕಿದ್ದು ಸುಳ್ಳಾ?

ಸುಮಾ: ಸುಳ್ಳಲ್ಲ. ಆದ್ರೆ ಈಗ 2019ರ ನಿಯಮ ಇದೆ. ಓದೋಕೆ ಬರದವ್ರಿಗೆ ಅವರ ಭಾಷೇಲೇ ಹೇಳ್ಬೇಕು, ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿ ಕೂತಿರ್ಬೇಕು. ಟ್ರಯಲ್‌ನಿಂದ ತೊಂದರೆ ಆದ್ರೆ ಪರಿಹಾರ. ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು.

ಗಿರೀಶ: ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ ಅಕ್ಕ 😀

ಸುಮಾ: ಕಾಗದ ಬಿಡು. ಮುಂಬೈ ಟಾಟಾ ಆಸ್ಪತ್ರೇಲಿ ತಲೆ-ಕತ್ತಿನ ಕ್ಯಾನ್ಸರ್ ಮುಂದುವರಿದಿದ್ದ 151 ಜನರ ಮೇಲೆ ಟ್ರಯಲ್ ಮಾಡಿದ್ರು. ಒಂದು ಗುಂಪಿಗೆ ಮಾತ್ರೆ ಅಷ್ಟೇ. ಇನ್ನೊಂದಕ್ಕೆ ಮಾತ್ರೆ ಜೊತೆ ನಿವೊಲುಮ್ಯಾಬ್ ಅನ್ನೋ ದುಬಾರಿ ಇಂಜೆಕ್ಷನ್ ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಮಾಮೂಲಿ ಡೋಸ್ 240! ಒಂದು ವರ್ಷಕ್ಕೆ ಮೊದಲ್ನೇ ಗುಂಪಲ್ಲಿ ಬದುಕುಳಿದವ್ರು ಶೇ. 16.3, ಎರಡನೇದ್ರಲ್ಲಿ ಶೇ. 43.4. 2022ರಲ್ಲಿ ಪ್ರಕಟ ಆಯ್ತು. ದುಬಾರಿ ಔಷಧಿ ಕೊಳ್ಳೋಕಾಗದವ್ರಿಗೆ ಅಂತಲೇ ಮಾಡಿದ್ದು. ಡೋಸ್ ಕಮ್ಮಿ ಮಾಡಿ ಅಂತ ಕಂಪನಿಯವ್ರು ಬರ್ತಾರಾ?

ಶೈಲಾ ಅತ್ತೆ: ಮಲ್ಲಮ್ಮನ್ನ ಯಾರಾದ್ರೂ ಕೇಳಿದ್ರಾ? ನಾನು ಕೇಳ್ದೆ. ಅವಳಿಗೆ ಔಷಧಿ ಭಯ ಇಲ್ಲ ಕಣ್ರೋ. ಶಕ್ತಿ ಯೋಜನೇಲಿ ಅವಳಿಗೆ ಬಸ್ ಫ್ರೀ, ಜೊತೆಗೆ ಬರೋ ಮಗನಿಗೆ ಟಿಕೆಟ್ಟು. ಅವನ ಕೂಲಿನೂ ಹೋಯ್ತು. ಬೆಂಗಳೂರಲ್ಲಿ ರಾತ್ರಿ ಎಲ್ಲಿ ಮಲಗೋದು ಅಂತಾಳೆ.

ರವಿ ಚಿಕ್ಕಪ್ಪ: ಹಾಗಂತ ಟ್ರಯಲ್‌ನವರು ದುಡ್ಡು ಕೊಟ್ರೆ ಅದು ಆಮಿಷ ಅಲ್ವಾ ಅಕ್ಕ?

ಸುಮಾ: ಬಸ್ ಚಾರ್ಜು ಯಾವ ಸೀಮೆ ಆಮಿಷ ಚಿಕ್ಕಪ್ಪ? ಎಷ್ಟು ಕೊಡ್ತಾರೆ ಅನ್ನೋದನ್ನ ಎಥಿಕ್ಸ್ ಕಮಿಟಿ, ಅಂದ್ರೆ ರೋಗಿಗಳಿಗೆ ಅನ್ಯಾಯ ಆಗ್ದಂಗೆ ನೋಡೋ ಸಮಿತಿ, ನೋಡುತ್ತೆ. ಖರ್ಚು ಕೊಡ್ದೇ ಇದ್ರೆ ಬೆಂಗಳೂರಲ್ಲಿ ಮನೆ ಇರೋರೇ ಟ್ರಯಲ್ ಸೇರ್ತಾರೆ. ಹೊಟ್ಟೆಗಿಲ್ಲದೆ ಸೊರಗಿರೋ ಮಲ್ಲಮ್ಮನಂಥವ್ರ ಮೈ ಆ ಔಷಧಿ ತಡ್ಕೊಳ್ಳುತ್ತಾ ಅಂತ ಆಮೇಲೆ ಯಾರನ್ನ ಕೇಳೋದು?

ಗಿರೀಶ: ಇದನ್ನ ಒಪ್ತೀನಿ. ಆದ್ರೆ ಮೊದ್ಲು ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಇಸ್ಕೊಳ್ಳಿ. 2009ರಿಂದ ನೋಂದಣಿ ಕಡ್ಡಾಯ. ನಂಬರ್ ಇಲ್ಲ ಅಂದ್ರೆ ಸಹಿನೂ ಇಲ್ಲ.

ರವಿ ಚಿಕ್ಕಪ್ಪ: ನನಗಿನ್ನೂ ನಂಬಿಕೆ ಇಲ್ಲ. ಸೋಮವಾರ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಡಾಕ್ಟರ್ ಎದುರಿಗೇ ಕೂತು ಕೇಳ್ತೀನಿ.

ಶೈಲಾ ಅತ್ತೆ: ಹೋಗು. ಆದ್ರೆ ಅಲ್ಲಿ ಮಲ್ಲಮ್ಮ ಮಾತಾಡ್ಲಿ, ನೀನಲ್ಲ. ಮತ್ತೆ ಆ ಆಡಿಯೋನ ಬೀಗರ ಗುಂಪಿಗೂ ಹಾಕಿದೀಯಲ್ಲ, ತೆಗಿ ಮೊದ್ಲು.