ಹಳೆಯ ಮಿನಿವ್ಯಾನಿನ ಒಳದೀಪ ಆರುತ್ತಿಲ್ಲ: ಹುಡುಕಾಟ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮ ಹಳೆಯ ಮಿನಿವ್ಯಾನಿನಲ್ಲಿ ಎಲ್ಲ ಬಾಗಿಲುಗಳನ್ನು ಹಾಕಿದ ಮೇಲೂ ಒಳಗಿನ ದೀಪ ಉರಿಯುತ್ತಲೇ ಇರುತ್ತದೆ, ಬಾಗಿಲು ತೆರೆದಿದೆ ಎಂಬ ಸೂಚನೆಯೂ ಆಗಾಗ ಕಾಣಿಸಿಕೊಳ್ಳುತ್ತದೆ. ಎಲ್ಲ ಸೆನ್ಸರ್‌ಗಳನ್ನೂ ಬದಲಾಯಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಸೆನ್ಸರ್‌ಗಳನ್ನು ಈಗಲೇ ಕೊಳ್ಳಬೇಡಿ. ತೊಂದರೆ ಯಾವ ಬಾಗಿಲಿನದು ಎಂಬುದು ಮೊದಲು ಗೊತ್ತಾಗಲಿ. ಅದಕ್ಕೂ ಮುನ್ನ ಡ್ಯಾಶ್‌ಬೋರ್ಡಿನ ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯನ್ನು ನೋಡಿಕೊಳ್ಳಿ. ಹಲವು ವಾಹನಗಳಲ್ಲಿ ಅದನ್ನು ಕೊನೆಯವರೆಗೆ ತಿರುಗಿಸಿದರೆ ಬಾಗಿಲುಗಳಿಗೆ ಸಂಬಂಧವೇ ಇಲ್ಲದೆ ಒಳದೀಪ ಹೊತ್ತಿಕೊಳ್ಳುತ್ತದೆ.

ಹಳೆಯ ಮಾದರಿಗಳಲ್ಲಿ ಬಾಗಿಲಿನ ಚೌಕಟ್ಟಿನಲ್ಲಿ ಸ್ಪ್ರಿಂಗ್ ಇರುವ ಒತ್ತುಗುಂಡಿಯ ಸ್ವಿಚ್ ಇರುತ್ತದೆ. ಬಾಗಿಲು ತೆರೆದಾಗ ಗುಂಡಿ ಹೊರಬಂದು, ಸಾಮಾನ್ಯವಾಗಿ ಅದರ ಮೂಲಕವೇ ದೀಪಕ್ಕೆ ಅರ್ತ್ (ವಾಹನದ ಲೋಹದ ಮೈಯ ಮೂಲಕ ವಿದ್ಯುತ್ ಮರಳುವ ದಾರಿ) ಸಿಗುತ್ತದೆ. ಈ ಸ್ವಿಚ್‌ಗಳೆಲ್ಲ ಸಮಾಂತರವಾಗಿ ಜೋಡಣೆಗೊಂಡಿರುವುದರಿಂದ, ಅವುಗಳಲ್ಲಿ ಒಂದೇ ಒಂದು ಅಂಟಿಕೊಂಡರೂ ದೀಪ ಆರುವುದಿಲ್ಲ. ಇದಕ್ಕೆ ಬದಲಾಗಿ ಒಂದು ಸ್ವಿಚ್ಚಿಗೆ ತುಕ್ಕು ಹಿಡಿದು ಸಂಪರ್ಕ ತಪ್ಪಿದ್ದರೆ, ಆ ಬಾಗಿಲನ್ನು ತೆರೆದಾಗ ಮಾತ್ರ ದೀಪ ಹೊತ್ತುವುದಿಲ್ಲ. ಯಾವ ಬಾಗಿಲು ತೆರೆದರೂ ಹೊತ್ತದಿದ್ದರೆ ಫ್ಯೂಸನ್ನೋ ಬಲ್ಬನ್ನೋ ಪರೀಕ್ಷಿಸಬೇಕು. ನಿಮ್ಮದು ಮೊದಲನೆಯ ಬಗೆ.

ಉಳಿದ ಬಾಗಿಲುಗಳನ್ನು ಹಾಕಿ, ಒಂದನ್ನು ಮಾತ್ರ ತೆರೆದು, ಅದರ ಗುಂಡಿಯನ್ನು ಬೆರಳಿನಿಂದ ಪೂರ್ತಿ ಒತ್ತಿ. ಬಾಗಿಲು ಹಾಕಿದಾಗ ಆರದ ದೀಪ ಬೆರಳಿನಿಂದ ಒತ್ತಿದಾಗ ಆರಿದರೆ ಸ್ವಿಚ್ ಸರಿಯಾಗಿಯೇ ಇದೆ. ಕೀಲು ಸವೆದು ಬಾಗಿಲು ಜಗ್ಗಿರುವುದರಿಂದ ಗುಂಡಿ ಸಾಕಷ್ಟು ಒಳಹೋಗುತ್ತಿಲ್ಲವೆಂದು ತಿಳಿಯಬಹುದು. ಒತ್ತಿದರೂ ಆರದಿದ್ದರೆ ಸ್ವಿಚ್ಚಿನ ವೈರನ್ನು ಕಳಚಿ ನೋಡಿ, ಆಗ ಆರಿದರೆ ಅದೇ ಸ್ವಿಚ್ ಕೆಟ್ಟಿದೆ.

ಉತ್ತರ 2: ಚೌಕಟ್ಟಿನಲ್ಲಿ ಗುಂಡಿಯೇ ಕಾಣದಿದ್ದರೆ ಸ್ವಿಚ್ ಬಾಗಿಲಿನ ಲಾಚ್‌ನ (ಬಾಗಿಲನ್ನು ಹಿಡಿದಿಡುವ ಚಿಲಕದ) ಒಳಗಿರುತ್ತದೆ. ಅಲ್ಲಿ ಬಹಳ ಸಲ ಕೆಟ್ಟಿರುವುದು ಸ್ವಿಚ್ ಅಲ್ಲ, ಒಣಗಿ ಗಟ್ಟಿಯಾದ ಗ್ರೀಸ್. ಬಾಗಿಲು ತೆರೆದಿಟ್ಟು ಸ್ಕ್ರೂಡ್ರೈವರಿನಿಂದ ಲಾಚ್‌ನ ಕೊಂಡಿಯನ್ನು ಹಾಕಿದ ಸ್ಥಿತಿಗೆ ತಳ್ಳಿ; ವಾಹನಕ್ಕೆ ಬಾಗಿಲು ಹಾಕಿದಂತೆ ತೋರುತ್ತದೆ, ದೀಪ ಆರಬೇಕು. ಜಿಡ್ಡು ಕರಗಿಸುವ ಸ್ಪ್ರೇ ಹಾಕಿ ಕೊಂಡಿಯನ್ನು ಹಲವು ಬಾರಿ ಆಡಿಸಿ, ನಂತರ ಹೊಸ ಗ್ರೀಸ್ ಸವರಿ. ಬಾಗಿಲು ಹಾಕುವ ಮುನ್ನ ಹಿಡಿಕೆ ಎಳೆದು ಕೊಂಡಿಯನ್ನು ಬಿಡಿಸಲು ಮಾತ್ರ ಮರೆಯಬೇಡಿ, ಇಲ್ಲವಾದರೆ ಲಾಚ್ ಮುರಿಯುವ ಸಂಭವವಿದೆ.

ಉತ್ತರ 3: ಸೂಚನೆ ಆಗಾಗ ಬಂದು ಹೋಗುತ್ತದೆ ಎಂದಿದ್ದೀರಿ, ಆದ್ದರಿಂದ ಜಾರುವ ಬಾಗಿಲು ಮತ್ತು ಹಿಂಬಾಗಿಲಿನ ಮೇಲೆ ನನಗೆ ಹೆಚ್ಚು ಅನುಮಾನ. ಹಿಂಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಹಾದುಹೋಗುವ ವೈರುಗಳು ಪ್ರತಿ ಸಲ ಮಡಚಿಕೊಳ್ಳುವುದರಿಂದ, ಮೇಲಿನ ಹೊದಿಕೆ ಚೆನ್ನಾಗಿಯೇ ಕಂಡರೂ ಒಳಗಿನ ತಂತಿ ತುಂಡಾಗಿರಬಹುದು. ಕೊಳವೆಯನ್ನು ಸರಿಸಿ ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿ. ಕೆಲವು ಜಾರುವ ಬಾಗಿಲುಗಳಲ್ಲಿ ವೈರಿನ ಬದಲು ಲೋಹದ ಸಂಪರ್ಕಬಿಂದುಗಳಿರುತ್ತವೆ. ಅವುಗಳ ಕಿಲುಬನ್ನು ಒರೆಸಿದರೆ ಸಾಕಾಗಬಹುದು.

ದೋಷ ಸಿಗುವವರೆಗೆ ದೀಪದ ಗುಂಡಿಯನ್ನು ಆರಿಸಿದ ಸ್ಥಾನದಲ್ಲಿಯೇ ಇಡಿ. 10 ವ್ಯಾಟಿನ ಎರಡು ಬಲ್ಬುಗಳು 12 ಗಂಟೆ ಉರಿದರೆ ಸುಮಾರು 20 ಆಂಪಿಯರ್-ಗಂಟೆ ಖರ್ಚಾಗುತ್ತದೆ. 45 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿ ಆಮೇಲೆ ಎಂಜಿನ್ ಎಬ್ಬಿಸುವುದು ಅನುಮಾನ.